ಚೊಚ್ಚಲ ಕಾದಂಬರಿಯೂ ಶರಣರ ಚರಿತೆಯೂ

ನಮ್ಮ ಸಮಾಜದ ಮನೆಗಳಲ್ಲಿ ಇತ್ತೀಚೆಗೆ ಒಂದು ಹೊಸ ಉತ್ಸಾಹ ಕಾಣುತ್ತಿದೆ. ವಿದ್ಯಾವಂತರಾದ ತರುಣ ತರುಣಿಯರು ಕಾದಂಬರಿ ಬರೆಯಲು ಕೈಹಚ್ಚಿದ್ದಾರೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ನಡೆಸಿಕೊಂಡು ಬಂದಿರುವುದೂ ಈ ಉತ್ಸಾಹಕ್ಕೆ ಇಂಬು ಕೊಟ್ಟಿದೆ. ಆದರೆ ಈ ಹೊಸಬರು ಬರೆಯುವ ಬಗೆ ಹಿರಿಯರನೇಕರಿಗೆ ಕಳವಳವನ್ನುಂಟುಮಾಡಿದೆ. ಒಂದೇ ಕೃತಿಯಲ್ಲಿ ಇತಿಹಾಸವಿರುತ್ತದೆ, ಅದ್ಭುತವಿರುತ್ತದೆ, ಪತ್ತೇದಾರಿಯ ಕುತೂಹಲವಿರುತ್ತದೆ, ಪ್ರಣಯವೂ ಇರುತ್ತದೆ. ಇಂತಹ ಕಲಸುಮೇಲೋಗರದಲ್ಲಿ ಶರಣರ ಪವಿತ್ರ ಚರಿತೆಯನ್ನು ತರಬಹುದೆ ಎಂಬ ಪ್ರಶ್ನೆ ಈಗ ಎದ್ದಿದೆ. ಇದನ್ನು ಕುರಿತು ನಮಗೆ ತೋಚಿದ ನಾಲ್ಕು ಮಾತುಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಾವು ವಾಸಿಸುವುದು ಬೆಂಗಳೂರು ದಂಡು ಪ್ರದೇಶದ ಬೆನ್ಸನ್ ಟೌನಿನಲ್ಲಿ. ಮಠದಲ್ಲಿ ಬೆಳೆದು ಓದಿದ ನಮ್ಮಂತಹವರಿಗೆ ಈ ಬಡಾವಣೆ ಮೊದಮೊದಲು ಪರದೇಶದಂತೆಯೇ ತೋರಿತ್ತು. 1947ರವರೆಗೂ ಬ್ರಿಟಿಷರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿಗೆ ಸೇರಿದ್ದ ನೆಲವಿದು. ಇಲ್ಲಿ ಬೀದಿಯಲ್ಲಿ ತಮಿಳು, ಉರ್ದು, ಇಂಗ್ಲಿಷುಗಳು ಕಿವಿಗೆ ಬೀಳುವಷ್ಟು ಕನ್ನಡ ಬೀಳುವುದಿಲ್ಲ. ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಕ್ರೈಸ್ತ ಬಂಧುಗಳು ತಮ್ಮ ಸಮಾಜದ ಹಳೆಯ ಕಾಗದಪತ್ರಗಳನ್ನು ಅಲ್ಲಿ ಜೋಪಾನವಾಗಿ ಕಾಪಾಡಿಕೊಂಡು ಬಂದಿರುವುದನ್ನು ನೆನೆದಾಗಲೆಲ್ಲ, ನಮ್ಮ ಮನೆಗಳ ಅಟ್ಟದ ಮೇಲೆ ಗೆದ್ದಲು ತಿನ್ನುತ್ತಿರುವ ಓಲೆಕಟ್ಟುಗಳ ನೆನಪಾಗಿ ಮನಸ್ಸು ಮರುಗುತ್ತದೆ. ಇಂತಹ ಪರಿಸರದಲ್ಲಿಯೂ ನಮ್ಮ ಹತ್ತಾರು ಮನೆತನಗಳು ನೆಲೆಸಿವೆ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಶಿವಾನುಭವ ಗೋಷ್ಠಿ ನಡೆಯುತ್ತದೆ.

ಅಂತಹ ಒಂದು ಮನೆಯವರು ಹಾವೇರಿ ಕಡೆಯಿಂದ ಬಂದು ಇಲ್ಲಿ ವ್ಯಾಪಾರದಲ್ಲಿ ನೆಲೆನಿಂತವರು. ಅವರ ಮಗಳು ಇಂಗ್ಲಿಷ್ ಶಾಲೆಯಲ್ಲಿ ಕಲಿತವಳಾದರೂ ತನ್ನ ಮೊದಲ ಕಾದಂಬರಿಯನ್ನು ಕನ್ನಡದಲ್ಲಿಯೇ ಬರೆದಿದ್ದಾಳೆ. ಮುನ್ನುಡಿಗೆಂದು ಹಸ್ತಪ್ರತಿ ನಮ್ಮ ಕೈಗೆ ಬಂದಿತು. ಕಥೆ ನಡೆಯುವುದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ. ಓಲೆಗರಿಗಳ ಮೇಲೆ ವಚನಗಳನ್ನು ಪ್ರತಿಮಾಡುವ ಒಬ್ಬ ವೃದ್ಧನ ಮಗಳು ಕಥಾನಾಯಕಿ. ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಉಳವಿಯತ್ತ ಹೊರಟಾಗ ಒಂದು ಓಲೆಕಟ್ಟು ಕಾಣೆಯಾಗುತ್ತದೆ. ಕದ್ದವರಾರು ಎಂಬುದೇ ಕಥೆಯ ಒಗಟು. ಆ ಓಲೆಗಳು ಕತ್ತಲೆಯಲ್ಲಿ ಬೆಳಗುತ್ತವೆ, ಇದು ಅದ್ಭುತ. ಅವನ್ನು ಹುಡುಕಲು ನೆರವಾಗುವವನು ಬಿಜ್ಜಳನ ದಂಡಿನ ಒಬ್ಬ ತರುಣ, ಇದು ಪ್ರಣಯ.

ಹುಡುಗಿಯ ತಂದೆಯವರು ಗೋಷ್ಠಿಯ ದಿನ ನಮ್ಮನ್ನು ಬದಿಗೆ ಕರೆದು, "ಗುರುಗಳ, ಶರಣರಂದ್ರ ನಮಗ ದೇವರಿದ್ದಂಗ. ಅವರ ನಡುವ ಇಂಥಾ ಪ್ರೀತಿ ಪ್ರೇಮದ ಕಥಿ ತಂದಿಟ್ರ ನಾಳೆ ನಾಕು ಮಂದಿ ನನಗ ಏನಂದಾರು? ಇದು ಅಚ್ಚಾಗೋದು ಬ್ಯಾಡ್ರಿ" ಎಂದರು. ಅವರ ಅಂಜಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1995ರಲ್ಲಿ ಪ್ರಕಟವಾದ 'ಧರ್ಮಕಾರಣ' ಎಂಬ ಕಾದಂಬರಿಯು ಬಸವಣ್ಣನವರ ಅಕ್ಕ ನಾಗಲಾಂಬಿಕೆಯವರನ್ನು ಚಿತ್ರಿಸಿದ ಬಗೆಯಿಂದ ಸಮಾಜದ ಮನಸ್ಸು ನೊಂದಿತು. 1997ರಲ್ಲಿ ರಾಜ್ಯ ಸರ್ಕಾರವು ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಲು ಆಜ್ಞೆ ಮಾಡಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಆಜ್ಞೆಯನ್ನು ಎತ್ತಿಹಿಡಿಯಿತು. ಇದನ್ನೆಲ್ಲ ಕಂಡ ತಂದೆಗೆ ಮಗಳ ಹೆಸರು ಅಂತಹ ವಿವಾದಕ್ಕೆ ಸಿಲುಕೀತೆಂಬ ಚಿಂತೆ ಸಹಜವೇ.

ಆದರೆ ಕಥೆಯಲ್ಲಿ ಪ್ರಣಯವಿದೆ, ಅದ್ಭುತವಿದೆ ಎಂಬ ಕಾರಣಕ್ಕೆ ಅದು ನಮ್ಮ ಪರಂಪರೆಗೆ ಹೊರಗು ಎನ್ನುವುದಾದರೆ, ಆ ಮಾತನ್ನು ನಾವು ಒಪ್ಪಲಾರೆವು. ಹರಿಹರ ಮಹಾಕವಿಯ 'ಪ್ರಭುದೇವರ ರಗಳೆ'ಯನ್ನು ನೆನೆಯಿರಿ. ಅಲ್ಲಿ ಅಲ್ಲಮನು ಮದ್ದಳೆ ಬಾರಿಸುವ ತರುಣ. ಕಮಲತೆಯೆಂಬ ಚೆಲುವೆಯನ್ನು ಮೆಚ್ಚಿ ಅವಳೊಡನೆ ಸುಖದಿಂದಿರುತ್ತಾನೆ. ಅವಳು ಜ್ವರದಿಂದ ತೀರಿಕೊಂಡಾಗ ಹುಚ್ಚನಂತೆ ಅಲೆಯುತ್ತಾನೆ. ಒಂದು ತೋಟದಲ್ಲಿ ಶೋಕದಿಂದ ಕುಳಿತು ಕಾಲುಗುರಿನಿಂದ ನೆಲ ಕೆರೆಯುತ್ತಿರುವಾಗ ಹೊನ್ನ ಕಳಸವೊಂದು ಮೊಳಕೆಯಂತೆ ಕಾಣುತ್ತದೆ. ಅಗೆಸಿ ನೋಡಿದರೆ ನೆಲದಲ್ಲಿ ಹುದುಗಿದ ದೇವಾಲಯ! ಬಾಗಿಲು ತೆರೆದು ಒಳಹೊಕ್ಕರೆ ಅನಿಮಿಷಯ್ಯನೆಂಬ ಯೋಗಿ ಕುಳಿತಿದ್ದಾನೆ. ಅವನ ಕೈಯ ಲಿಂಗ ಅಲ್ಲಮನ ಕೈಗೆ ಬರುತ್ತದೆ. ಇದರಲ್ಲಿ ಐತಿಹಾಸಿಕ ವ್ಯಕ್ತಿಯಿದ್ದಾನೆ, ಪ್ರಣಯವಿದೆ, ರಹಸ್ಯವಿದೆ, ಅದ್ಭುತವಿದೆ. ಎಂಟು ಶತಮಾನಗಳ ಹಿಂದೆ ಪಂಪಾವಿರೂಪಾಕ್ಷನ ಭಕ್ತನಾದ ಕವಿಯೊಬ್ಬನು ಹೇಳಿದ ಕಥೆಯಿದು. ಓದಿದವರಾರೂ ಅಲ್ಲಮಪ್ರಭುವಿನ ಘನತೆ ಕುಂದಿತೆಂದು ಭಾವಿಸಲಿಲ್ಲ. ಏಕೆಂದರೆ ಆ ಪ್ರೇಮವೂ ಆ ವಿಯೋಗವೂ ಅವನನ್ನು ಗುರುವಿನ ಬಾಗಿಲಿಗೆ ಕರೆದೊಯ್ಯುವ ಮೆಟ್ಟಿಲುಗಳಾಗಿವೆ.

ಇನ್ನೂ ಒಂದು ಸಂಗತಿಯುಂಟು. ಪ್ರೌಢದೇವರಾಯನ ಕಾಲದ ಚಾಮರಸನಿಗೆ ಈ ಕಥೆ ಹಿಡಿಸಲಿಲ್ಲ. ಅವನ 'ಪ್ರಭುಲಿಂಗಲೀಲೆ'ಯಲ್ಲಿ ಮೋಹಗೊಂಡವಳು ಬನವಸೆಯ ಮಾಯಾದೇವಿ. ಅಲ್ಲಮನು ಅವಳ ಕೈಗೆ ಸಿಲುಕದ ನಿರ್ಮೋಹಿ. ಒಂದೇ ಜೀವನಕ್ಕೆ ಇಬ್ಬರು ಶ್ರೇಷ್ಠ ಕವಿಗಳು ಎರಡು ವಿರುದ್ಧ ಕಥೆಗಳನ್ನು ಕಟ್ಟಿದರು. ನಮ್ಮ ಹಿರಿಯರು ಒಂದನ್ನು ಸುಟ್ಟು ಇನ್ನೊಂದನ್ನು ಉಳಿಸಲಿಲ್ಲ. ಎರಡನ್ನೂ ಪ್ರತಿಮಾಡಿ ಕಾಪಾಡಿದರು. ಚಾಮರಸನ ಕೃತಿಯನ್ನು ಶಿವಪ್ರಕಾಶ ಸ್ವಾಮಿಗಳು ತಮಿಳಿಗೆ ತಂದರು. ನಮ್ಮ ಬಡಾವಣೆಯ ತಮಿಳು ನೆರೆಹೊರೆಯವರೂ ಓದಿ ಸಂತೋಷಪಡಬಹುದಾದ ಗ್ರಂಥ ಅದು. ಇಷ್ಟು ವಿಶಾಲವಾದ ಮನಸ್ಸಿನ ಪೂರ್ವಿಕರ ಮಕ್ಕಳು ನಾವು ಎಂಬುದನ್ನು ಮರೆಯಬಾರದು.

ಕನ್ನಡ ಗದ್ಯದ ದಾರಿಯೂ ಇದಕ್ಕೆ ಹೊರತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣನು ರಚಿಸಿದ 'ಮುದ್ರಾಮಂಜೂಷ'ವು ಚಾಣಕ್ಯ ಮತ್ತು ನಂದರ ಇತಿಹಾಸವನ್ನು ಒಳಸಂಚುಗಳ ಕುತೂಹಲದೊಡನೆ ಹೆಣೆದ ಕೃತಿ. ಮುಂದೆ ಹಾವೇರಿ ನಾಡಿನವರೇ ಆದ ಗಳಗನಾಥರು ಐತಿಹಾಸಿಕ ಕಾದಂಬರಿಗಳನ್ನು ಬರೆದು, ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ, ಮನೆಮನೆಯಲ್ಲಿ ಓದುವ ಹವ್ಯಾಸ ಬೆಳೆಸಿದರು. ಕಲ್ಯಾಣದ ಕ್ರಾಂತಿಯನ್ನು ಬಿ. ಪುಟ್ಟಸ್ವಾಮಯ್ಯನವರು ಕಾದಂಬರಿಗಳ ಮಾಲೆಯಾಗಿ ವಿಸ್ತರಿಸಿದರು. ಅದರಲ್ಲಿನ 'ಕ್ರಾಂತಿ ಕಲ್ಯಾಣ'ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಡಾ. ಎಚ್. ತಿಪ್ಪೇರುದ್ರಸ್ವಾಮಿಯವರು ಅಲ್ಲಮಪ್ರಭುವನ್ನು ಕುರಿತು 'ಪರಿಪೂರ್ಣದೆಡೆಗೆ', ಅಕ್ಕಮಹಾದೇವಿಯವರನ್ನು ಕುರಿತು 'ಕದಳಿಯ ಕರ್ಪೂರ' ಕಾದಂಬರಿಗಳನ್ನು ಬರೆದುಕೊಟ್ಟರು. ನಮ್ಮ ತಲೆಮಾರಿನ ಎಷ್ಟೋ ತಾಯಂದಿರು ಅಕ್ಕನನ್ನು ಮೊದಲು ಕಂಡದ್ದು ಆ ಪುಟಗಳಲ್ಲಿಯೇ.

ಇತಿಹಾಸಕ್ಕೆ ಪತ್ತೇದಾರಿಯನ್ನು ಬೆಸೆದ ಚೊಚ್ಚಲ ಕಾದಂಬರಿ ಎಂದರೆ ನಮಗೆ ನೆನಪಾಗುವುದು ಕೃಷಿ ವಿಜ್ಞಾನಿ ಡಾ. ಕೆ. ಎನ್. ಗಣೇಶಯ್ಯನವರ 'ಕನಕ ಮುಸುಕು'. ಹೊಯ್ಸಳರ ದೇವಾಲಯಗಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂತಹ ವಸ್ತು ಕಾಣುತ್ತದೆ. ಅಮೆರಿಕ ಖಂಡದ ಆ ಬೆಳೆ ಕೊಲಂಬಸನಿಗಿಂತ ಮೊದಲೇ ಇಲ್ಲಿಗೆ ಹೇಗೆ ಬಂದೀತು? ವಿದ್ವಾಂಸರಲ್ಲಿ ವಾದಕ್ಕೆ ಕಾರಣವಾದ ಈ ಪ್ರಶ್ನೆಯನ್ನೇ ಅವರು ಕಥೆಯ ಬೀಜವನ್ನಾಗಿ ಮಾಡಿಕೊಂಡರು. ಅವರ ಕಾದಂಬರಿಗಳಲ್ಲಿ ನಮಗೆ ಮೆಚ್ಚುಗೆಯಾದ ಗುಣವೆಂದರೆ, ಕಥೆಯ ಜೊತೆಗೆ ಚಿತ್ರ, ಟಿಪ್ಪಣಿ, ಆಧಾರಗಳನ್ನು ಕೊಡುವುದು. ಇತಿಹಾಸ ಎಲ್ಲಿ ಮುಗಿಯಿತು, ಕಲ್ಪನೆ ಎಲ್ಲಿ ತೊಡಗಿತು ಎಂದು ವಿಚಾರಿಸಲು ಓದುಗನಿಗೆ ದಾರಿ ತೆರೆದಿರುತ್ತದೆ.

ಈ ಹಿನ್ನೆಲೆಯಲ್ಲಿ ನಾವು ಹುಡುಗಿಯ ಹಸ್ತಪ್ರತಿಯನ್ನು ಎರಡು ಬಾರಿ ಓದಿದೆವು. ಪ್ರಣಯದ ಬಗ್ಗೆ ನಮ್ಮ ಆಕ್ಷೇಪಣೆ ಏನೂ ಇರಲಿಲ್ಲ. ಪ್ರೀತಿಸುವವರಿಬ್ಬರೂ ಕಲ್ಪಿತ ಪಾತ್ರಗಳು. ಅವರ ಮಾತುಗಳಲ್ಲಿ ಸಭ್ಯತೆಯಿದೆ. ಬೆಳಗುವ ಓಲೆಗಳ ಬಗ್ಗೆಯೂ ಇರಲಿಲ್ಲ. ಆದರೆ ಕಲ್ಯಾಣದ ದಾಸೋಹದ ಅಡುಗೆಯಲ್ಲಿ ಮೆಣಸಿನಕಾಯಿಯ ಚಟ್ನಿ, ಶೇಂಗಾ ಹೋಳಿಗೆಗಳನ್ನು ಬಡಿಸಿದ್ದಳು. ಇವೆರಡೂ ಪೋರ್ಚುಗೀಸರು ಈ ದೇಶಕ್ಕೆ ಬಂದ ಬಳಿಕ ಬಂದವು ಎಂದು ತಿಳಿಸಿದಾಗ, "ಶೇಂಗಾ ಇಲ್ದ ನಮ್ಮ ಮಂದಿ ಹೆಂಗ ಉಣ್ತಿದ್ರಜ್ಜಾ?" ಎಂದು ನಕ್ಕಳು. "ಎಳ್ಳು, ಗುರೆಳ್ಳು, ಕರಿಮೆಣಸು ಇದ್ದವಲ್ಲ ತಂಗಿ" ಎಂದೆವು. ಕೂಡಲೇ ತಿದ್ದಿಕೊಂಡಳು.

ಕಠಿಣವಾದ ಮಾತು ಬಂದದ್ದು ಮತ್ತೊಂದು ಸ್ಥಳದಲ್ಲಿ. ಕಾಣೆಯಾದ ಓಲೆಕಟ್ಟಿನಲ್ಲಿ ಇದ್ದವೆಂದು ಅವಳು ಚೆನ್ನಬಸವಣ್ಣನವರ ಅಂಕಿತದಲ್ಲಿ ಮೂರು ವಚನಗಳನ್ನು ತಾನೇ ರಚಿಸಿ ಸೇರಿಸಿದ್ದಳು. ವಚನಗಳು ಚೆನ್ನಾಗಿಯೇ ಇದ್ದವು. ಚೆನ್ನಾಗಿದ್ದುದೇ ಅಪಾಯ. ಅಂಕಿತವೆಂಬುದು ಶರಣರ ಸಹಿ. ಇಂದು ಕಾದಂಬರಿಯಲ್ಲಿ ಅಚ್ಚಾದ ಕಲ್ಪಿತ ವಚನವು ನಾಳೆ ಮದುವೆಯ ಕರೆಯೋಲೆಯ ಮೇಲೆ ಬರುತ್ತದೆ, ನಾಡಿದ್ದು ಭಾಷಣಕಾರರ ಬಾಯಿಗೆ ಬರುತ್ತದೆ, ಐವತ್ತು ವರ್ಷಗಳ ನಂತರ ನಿಜವಾದ ವಚನಗಳ ಸಾಲಿನಲ್ಲಿ ಕುಳಿತುಬಿಡುತ್ತದೆ. ಫ. ಗು. ಹಳಕಟ್ಟಿಯವರು ಮನೆಮಠಗಳಲ್ಲಿ ಚದುರಿದ್ದ ಓಲೆಗಳನ್ನು ಹುಡುಕಿ, ತಮ್ಮ ಸರ್ವಸ್ವವನ್ನೂ ಸವೆಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. ಆ ಬಳಿಕದ ವಿದ್ವಾಂಸರು ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸಲು ಆಯುಷ್ಯವನ್ನೇ ತೆತ್ತರು. ಅವರು ಆರಿಸಿಟ್ಟ ಅಕ್ಕಿಯಲ್ಲಿ ನಾವು ಮತ್ತೆ ಕಲ್ಲು ಬೆರೆಸಬಾರದು.

ಅವಳು ಒಡನೆ ಒಪ್ಪಲಿಲ್ಲ. "ಅಜ್ಜಾ, ಇದು ಕಥಿ ಅಂತ ಎಲ್ಲಾರಿಗೂ ಗೊತ್ತೈತಲ್ಲ? ಹರಿಹರನೂ ಕಲ್ಪನಾ ಮಾಡ್ಯಾನಲ್ಲ?" ಎಂದು ವಾದಿಸಿದಳು. ಹರಿಹರನು ಅಲ್ಲಮನ ಕಥೆಯನ್ನು ತನ್ನ ರಗಳೆಯಲ್ಲಿ, ತನ್ನ ಹೆಸರಿನಲ್ಲಿ ಹೇಳಿದನು; ಅಲ್ಲಮನ ಅಂಕಿತವಿಟ್ಟು ಹೇಳಲಿಲ್ಲ ಎಂದು ನಾವು ವಿವರಿಸಿದೆವು. ಹದಿನೈದು ದಿನಗಳ ಬಳಿಕ ತಿದ್ದಿದ ಪ್ರತಿ ಬಂದಿತು. ಈಗ ಓಲೆಗಳು ಬೆಳಗುತ್ತವೆ, ನಾಯಕಿ ಓದಿ ಕಣ್ಣೀರಿಡುತ್ತಾಳೆ, ಆದರೆ ಅವುಗಳಲ್ಲಿ ಏನಿತ್ತೆಂಬುದನ್ನು ಓದುಗನಿಗೆ ಹೇಳುವುದಿಲ್ಲ. ಕಥೆಯ ರಹಸ್ಯ ಇದರಿಂದ ಮತ್ತಷ್ಟು ಆಳವಾಯಿತು. ಕೊನೆಯಲ್ಲಿ ನಾಲ್ಕು ಪುಟಗಳ 'ಲೇಖಕಿಯ ಮಾತು' ಸೇರಿದೆ: ಯಾವುದು ಶಾಸನ ಕಾವ್ಯಗಳಿಂದ ಬಂದದ್ದು, ಯಾವುದು ಐತಿಹ್ಯ, ಯಾವುದು ತನ್ನ ಕಲ್ಪನೆ ಎಂದು ಬಿಡಿಸಿ ಬರೆದಿದ್ದಾಳೆ. ನಾವು ಮುನ್ನುಡಿ ಬರೆದುಕೊಟ್ಟಿದ್ದೇವೆ. ತಂದೆಯವರು ಇನ್ನೂ ಪೂರ್ಣವಾಗಿ ಒಪ್ಪಿಲ್ಲ. ಆದರೆ ಕನ್ನಡಕವೇರಿಸಿ ಓದಲು ಕುಳಿತಿದ್ದಾರೆಂದು ಅವರ ಧರ್ಮಪತ್ನಿಯವರಿಂದ ತಿಳಿದು ಸಂತೋಷವಾಯಿತು.

ಇಂತಹ ಹಸ್ತಪ್ರತಿಗಳು ಇನ್ನು ಮುಂದೆ ನಮ್ಮ ಮನೆಗಳಲ್ಲಿ ಹೆಚ್ಚುತ್ತವೆ. ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ: ಬೇಡವೆನ್ನುವ ಮೊದಲು ಓದಿರಿ. ಪ್ರಣಯವಿದೆಯೆ, ಪವಾಡವಿದೆಯೆ ಎಂದು ಹುಡುಕುವ ಬದಲು, ಶರಣರ ಬಾಯಲ್ಲಿ ಅವರಾಡದ ಮಾತನ್ನು ಇಟ್ಟಿದೆಯೆ, ಅವರ ನಡತೆಗೆ ಕಳಂಕ ಹಚ್ಚಿದೆಯೆ ಎಂಬುದನ್ನು ನೋಡಿರಿ. ತಪ್ಪು ಕಂಡರೆ ಅಚ್ಚಾಗುವ ಮೊದಲೇ ಪ್ರೀತಿಯಿಂದ ತೋರಿಸಿಕೊಡಿರಿ. ಮನೆಯ ಪಡಸಾಲೆಯಲ್ಲಿ ತಿದ್ದಬಹುದಾದುದು ನ್ಯಾಯಾಲಯದವರೆಗೆ ಹೋಗಬೇಕಾಗಿಲ್ಲ. ತರುಣರಿಗೆ ಹೇಳುವುದೂ ಒಂದುಂಟು. ಕಲ್ಪನೆಗೆ ಇಡೀ ಆಕಾಶ ನಿಮ್ಮದು. ಅಂಕಿತ ಮಾತ್ರ ನಿಮ್ಮದಲ್ಲ. ನಿಮ್ಮ ಕೃತಿಗೆ ನಿಮ್ಮ ಹೆಸರನ್ನೇ ಹಾಕಿಕೊಳ್ಳಿರಿ. ಮೊದಲ ಪುಸ್ತಕದ ಮೇಲೆ ಸ್ವಂತ ಹೆಸರನ್ನು ಕಾಣುವ ಆನಂದವೇ ಸಾಕಷ್ಟು ದೊಡ್ಡದು.