ತೋಟದ ಮನೆಗಳ ಲೆಕ್ಕ

27 ಸೆಪ್ಟೆಂಬರ್ 2025, ಶನಿವಾರ

ಈ ಸಲ ಶಾಲಾ ಶಿಕ್ಷಕರಾದ ನಮಗೆ ದಸರಾ ರಜೆಯಿಲ್ಲ. 22ರಿಂದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ. ಮನೆಯೊಂದಕ್ಕೆ 60 ಪ್ರಶ್ನೆ. ಶೆಟ್ಟಿಕೆರೆ ಕಡೆ ಊರೊಳಗಿನ ಮನೆಗಳು ಸಲೀಸು, ತೋಟದ ಮನೆಗಳದ್ದೇ ಕಷ್ಟ. ಗೋಡೆಗೆ ಅಂಟಿಸಿದ ಚೀಟಿಯ ನಂಬರನ್ನು ಫೋನು ಒಂದು ಕಡೆ ತೋರಿಸುತ್ತದೆ, ಮನೆ ಇನ್ನೊಂದು ತೋಟದಾಚೆ ಇರುತ್ತದೆ.

ಜನರದ್ದೇನೂ ತಕರಾರಿಲ್ಲ. “ಕೂತ್ಕಳಿ ಮೇಡಮ್ಮಾರೆ, ಎಳ್ನೀರು ಕುಡ್ಕಂಡು ಬರ್ಕಳಿ” ಅಂದರು, ಅಟ್ಟದಿಂದ ಇಳಿಸಿದ ಕಾಯಿ ಸುಲಿಸುತ್ತಿದ್ದ ಅಜ್ಜಿ. ಎಲ್ಲ ಬರೆದಾದ ಮೇಲೆ ಒಟಿಪಿ ಬರಲಿಲ್ಲ. ಆಧಾರ್‌ಗೆ ಕೊಟ್ಟಿದ್ದು ಬೆಂಗಳೂರಲ್ಲಿರುವ ಮಗನ ನಂಬರು. ಅವನು ಫೋನೆತ್ತಲಿಲ್ಲ. ಆ ಮನೆ ಇವತ್ತಿನ ಲೆಕ್ಕಕ್ಕೆ ಸೇರಲಿಲ್ಲ.

1 ಅಕ್ಟೋಬರ್, ಆಯುಧಪೂಜೆ

ಬಿಸಿಲು, ನಾಯಿ, ನಡಿಗೆ ಯಾವುದೂ ನನ್ನನ್ನು ಕುಗ್ಗಿಸುತ್ತಿಲ್ಲ. ಕುಗ್ಗಿಸುವುದು ಸಂಜೆಯ ವಾಟ್ಸಾಪ್ ಪಟ್ಟಿ. ಕಡಿಮೆ ಮನೆ ಮಾಡಿದವರ ಹೆಸರು ಕೆಂಪಕ್ಷರದಲ್ಲಿ, ಕೆಳಗೆ ‘ನೋಟಿಸ್ ನೀಡಲಾಗುವುದು’ ಎಂಬ ಸಾಲು. ಇಡೀ ದಿನ ಅಲೆದರೂ ಆ ಪಟ್ಟಿಯಲ್ಲಿ ನಾವು ಸೋಮಾರಿಗಳು. ಫೋನು ಸದ್ದು ಮಾಡಿದರೆ ಎದೆ ಧಸಕ್ಕೆನ್ನುತ್ತದೆ.

7 ಅಕ್ಟೋಬರ್, ಮಂಗಳವಾರ

ಸಮೀಕ್ಷೆ ಇವತ್ತಿಗೆ ಮುಗಿಯಬೇಕಿತ್ತು. 18ರವರೆಗೆ ಮುಂದಕ್ಕೆ ಹಾಕಿದ್ದಾರೆ, ಶಾಲೆಗಳಿಗೆ ರಜೆ. “ಮೇಷ್ಟ್ರುಗಳಿಗೇನು ಬಿಡಿ, ರಜದ ಮೇಲೆ ರಜ” ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅಂದರು.

ನಮ್ಮ ಹಿರಿಯ ಮೇಷ್ಟ್ರ ಮುಖ ನೋಡಿ ಸಂಕಟವಾಯಿತು. ಒಂದನೇ ಕ್ಲಾಸಿನ ಮಕ್ಕಳೆಲ್ಲ ಅವರ ಬೆನ್ನು ಹತ್ತುತ್ತಾರೆ, ಅಷ್ಟು ಮೃದು ಮನುಷ್ಯ. ಈಗ ಮಾತಿಲ್ಲ. ನಡುರಾತ್ರಿ ಎದ್ದು ಫೋನು ನೋಡುತ್ತಾರಂತೆ, ಅನ್ನ ಸೇರುವುದಿಲ್ಲವಂತೆ, ತಮ್ಮ ತೋಟದ ಕಡೆಗೂ ಹೋಗಿಲ್ಲವಂತೆ. ಅವರ ಹೆಂಡತಿ ಹೇಳಿದರು. ಇದನ್ನು ‘ಸ್ವಲ್ಪ ಟೆನ್ಷನ್’ ಎಂದು ತಳ್ಳಿಹಾಕಲು ನನಗೆ ಮನಸ್ಸೊಪ್ಪುವುದಿಲ್ಲ.

10 ಅಕ್ಟೋಬರ್, ಶುಕ್ರವಾರ

ವಿಶ್ವ ಮಾನಸಿಕ ಆರೋಗ್ಯ ದಿನ. ಖಿನ್ನತೆ, ಆತಂಕಗಳಿಂದ ಜಗತ್ತು ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಳೆದುಹೋದ ನಿದ್ದೆಗೆ ಲೆಕ್ಕ ಇಟ್ಟವರುಂಟೇ?

ಮೇಷ್ಟ್ರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು ಬರೆದುಕೊಟ್ಟೆ: 14416. 2022ರಲ್ಲಿ ಇದೇ ದಿನ ಶುರುವಾದದ್ದು. ಕಾಸಿಲ್ಲ, ರಾತ್ರಿಯೂ ಮಾತಾಡಬಹುದು, ಕನ್ನಡದಲ್ಲೇ. ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

14 ಅಕ್ಟೋಬರ್, ಮಂಗಳವಾರ

ಮೇಷ್ಟ್ರು ಮೊನ್ನೆ ರಾತ್ರಿ ಆ ನಂಬರಿಗೆ ಫೋನು ಮಾಡಿದ್ದರಂತೆ. ಡಾಕ್ಟರನ್ನು ಕಾಣಲು ಹೇಳಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ನಾನೂ ಅವರ ಹೆಂಡತಿಯೂ ಜೊತೆಗೆ ಹೋದೆವು. “ಊರೋರು ನೋಡುದ್ರೆ ಏನಂದ್ಕಂಡಾರು ಮೇಡಂ” ಎಂದು ಗೇಟಿನ ಹತ್ತಿರ ನಿಂತುಬಿಟ್ಟರು. ಹೆಂಡತಿ ಕೈ ಹಿಡಿದು ಒಳಗೆ ಕರೆದೊಯ್ದರು. ಡಾಕ್ಟರು ಅವಸರ ಮಾಡದೆ ಕೇಳಿಸಿಕೊಂಡರು, ನಿದ್ದೆಗೆ ಮಾತ್ರೆ ಕೊಟ್ಟರು, ಕೆಲಸದಿಂದ ಬಿಡುವು ಬೇಕೆಂದು ಬರೆದರು.

ಅವರ ಪಾಲಿನ ಉಳಿದ ಮನೆಗಳನ್ನು ನಾವು ಹಂಚಿಕೊಳ್ಳುತ್ತೇವೆ ಎಂದು ಸಹಿ ಹಾಕಿ ಕೊಟ್ಟಿದ್ದೇವೆ. ಮೇಲ್ವಿಚಾರಕರು ಇನ್ನೂ ಹೂಂ ಅಂದಿಲ್ಲ.