ಇಲ್ ಎನ್‌ಗ್ವೇಸಿಯಲ್ಲಿ ಎರಡು ರಾತ್ರಿ

ಕೀನ್ಯಾ ಪರ್ವತದ ಉತ್ತರಕ್ಕೆ, ಲೈಕಿಪಿಯಾ ಸೀಮೆಯ ಒಣಗುಡ್ಡವೊಂದರ ಮೇಲೆ ಇಲ್ ಎನ್‌ಗ್ವೇಸಿ ಎಂಬ ವಸತಿಗೃಹವಿದೆ. 1996ರಲ್ಲಿ ಆರಂಭವಾದ ಇದಕ್ಕೆ ಸಾಹುಕಾರನೊಬ್ಬ ಒಡೆಯನಲ್ಲ. ಅಲ್ಲಿಯ ಮಸಾಯಿ ಪಶುಪಾಲಕ ಸಮುದಾಯವೇ ಒಡೆಯ. ಆದಾಯದ ಪಾಲು ಶಾಲೆಗೆ, ಔಷಧೋಪಚಾರಕ್ಕೆ ಸಲ್ಲುತ್ತದೆ. ದಾಸೋಹದ ಮನೆಯಲ್ಲಿ ಬೆಳೆದ ನಮಗೆ ಇದು ಅಪರಿಚಿತವೆನಿಸಲಿಲ್ಲ.

ಕೋಣೆಗೆ ಮುಂಗೋಡೆಯೇ ಇಲ್ಲ. ಬೆಳಗಿನ ಜಾವ ಇಷ್ಟಲಿಂಗ ಪೂಜೆಗೆ ಕುಳಿತಾಗ ಕೆಳಗಿನ ನೀರುಗುಂಡಿಗೆ ಆನೆಗಳ ಹಿಂಡು ಸದ್ದಿಲ್ಲದೆ ಇಳಿದು ಬಂದಿತು. ದೃಷ್ಟಿ ಅಂಗೈಯಿಂದ ಅತ್ತ ಸರಿದುದನ್ನು ಮುಚ್ಚಿಡಲಾರೆ.

ಸಂಜೆ ಸಮೀಪದ ಮನ್ಯಟ್ಟಾಕ್ಕೆ, ಎಂದರೆ ಮಸಾಯಿಗಳ ಹಟ್ಟಿಗೆ, ಹೋದೆವು. ಕೋಲಿನಿಂದ ಕೋಲು ಮಥಿಸಿ ಬೆಂಕಿ ಹೊತ್ತಿಸುವುದನ್ನೂ, ತರುಣರು ನೆಗೆನೆಗೆದು ಕುಣಿಯುವುದನ್ನೂ ಕಂಡೆವು. ದನವೇ ಅವರ ಐಶ್ವರ್ಯ. ಆದರೆ ಹಸುವನ್ನು ಕೊಲ್ಲದೆ ಅದರ ಕೊರಳ ನಾಳದಿಂದ ರಕ್ತ ತೆಗೆದು ಹಾಲಿನೊಡನೆ ಕುಡಿಯುವ ಪದ್ಧತಿಯೂ ಅವರಲ್ಲುಂಟೆಂದು ಕೇಳಿದೊಡನೆ ನನ್ನ ಪತ್ನಿ ಮುಖ ತಿರುಗಿಸಿದಳು. ಜೊತೆಗಿದ್ದ ಹಿರಿಯ ಅದನ್ನು ಗಮನಿಸಿದರೂ ಬೇಸರಿಸದೆ, ಸಿಂಹವೊಂದು ತನ್ನ ಎರಡು ಹಸುಗಳನ್ನು ಹಿಡಿದ ಸಂಗತಿ ಹೇಳತೊಡಗಿದ.

“ಸಿಂಹವನ್ನು ಕೊಂದಿರಾ?” ಎಂದೆ.

“ಇಲ್ಲ. ಅದನ್ನು ನೋಡಲೆಂದೇ ನೀವು ಬರುತ್ತೀರಿ; ನನ್ನ ಮಗಳ ಶಾಲೆಯ ಶುಲ್ಕ ಅದರಿಂದಲೇ ಹುಟ್ಟುತ್ತದೆ” ಎಂದ. ಹಸುಗಳ ಹೆಸರುಗಳನ್ನೂ ಹೇಳಿದ.

ಆ ರಾತ್ರಿ ಸಿಂಹದ ಗರ್ಜನೆ ಕೇಳಿಸಿತು. ಹಟ್ಟಿಯ ಮುಳ್ಳುಬೇಲಿ ಭದ್ರವಾಗಿರಲೆಂದು ಮೊದಲು ಅಂದವಳು ನನ್ನ ಪತ್ನಿಯೇ.