ಹೆಸರು ಅಳಿಯುವ ಲೆಕ್ಕ

ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದಲ್ಲಿ ಗಾಲ್ಟನ್ ಎಂಬ ಪುಟ್ಟ ಜಾಗವಿದೆ. ಹಳೆಯ ಇಂಗ್ಲಿಷಿನಲ್ಲಿ ‘ಗವೊಲ್’ ಎಂದರೆ ಗೇಣಿ, ‘ಟೂನ್’ ಎಂದರೆ ಹೊಲಮನೆ. ಗೇಣಿ ಕೊಡಬೇಕಾದ ಹೊಲಮನೆ ಎಂದು ಹೆಸರಿನ ಅರ್ಥ. ಊರಿನ ಹೆಸರೇ ಮುಂದೆ ಮನೆತನದ ಹೆಸರಾಯಿತು. ಸ್ಮಿತ್, ಜೋನ್ಸ್‌ಗಳಂತೆ ಹೆಜ್ಜೆಗೊಬ್ಬರು ಸಿಗುವ ಹೆಸರಲ್ಲ, ಅಪರೂಪದ್ದು.

ಇದನ್ನು ಲೋಕಪ್ರಸಿದ್ಧ ಮಾಡಿದವನು ಡಾರ್ವಿನ್ನನ ಬಂಧು ಫ್ರಾನ್ಸಿಸ್ ಗಾಲ್ಟನ್ (1822–1911). ಕಂಡದ್ದನ್ನೆಲ್ಲ ಅಳೆಯುವ, ಎಣಿಸುವ ಹುಚ್ಚು ಅವನಿಗೆ. ಮನುಷ್ಯರಲ್ಲಿ ಮೇಲುಕೀಳು ತಳಿ ಹುಡುಕಹೊರಟ ಅವನ ‘ಯೂಜೆನಿಕ್ಸ್’ ವಿಚಾರ ಮುಂದೆ ಬಹಳ ಕೇಡು ಮಾಡಿತು. ಆದರೆ ಅವನು ಕೇಳಿದ ಒಂದು ಪ್ರಶ್ನೆ ಮಾತ್ರ ಸೊಗಸಾದದ್ದು: ಹೆಸರಾಂತ ಮನೆತನಗಳ ಹೆಸರುಗಳು ಏಕೆ ಅಳಿದುಹೋಗುತ್ತವೆ? ಸುಖಜೀವನದಿಂದ ಸಂತಾನಶಕ್ತಿ ಕುಗ್ಗುತ್ತದೆಂಬ ಮಾತು ಆಗ ಚಾಲ್ತಿಯಲ್ಲಿತ್ತು. ಬರೀ ಆಕಸ್ಮಿಕವೇ ಕಾರಣವಾಗಿರಬಾರದೇಕೆ ಎಂದು ಗಾಲ್ಟನ್ನನ ಅನುಮಾನ. 1873ರಲ್ಲಿ ‘ಎಜುಕೇಷನಲ್ ಟೈಮ್ಸ್’ ಪತ್ರಿಕೆಯಲ್ಲಿ ಅದನ್ನೊಂದು ಲೆಕ್ಕವಾಗಿಯೇ ಕೇಳಿಬಿಟ್ಟ. ಬಿಡಿಸಹೊರಟವನು ಪಾದ್ರಿಯೂ ಗಣಿತಜ್ಞನೂ ಆದ ಹೆನ್ರಿ ವಿಲಿಯಂ ವಾಟ್ಸನ್.

ಹೆಸರು ಗಂಡುಮಕ್ಕಳಿಂದಲೇ ಮುಂದುವರಿಯುತ್ತದೆ ಎಂದಿಟ್ಟುಕೊಳ್ಳಿ. ಒಬ್ಬನಿಗೆ ಗಂಡುಮಕ್ಕಳೇ ಇಲ್ಲದಿರುವ ಸಂಭವ 1/4, ಒಬ್ಬನೇ ಮಗನಿರುವ ಸಂಭವ 1/4, ಇಬ್ಬರಿರುವ ಸಂಭವ 1/2. ಅವನ ಹೆಸರು ಎಂದಾದರೊಂದು ದಿನ ಅಳಿಯುವ ಸಂಭವ ‘ಕ್ಷ’ ಆಗಿರಲಿ. ಇಬ್ಬರು ಮಕ್ಕಳಿದ್ದರೆ ಇಬ್ಬರ ವಂಶವೂ ನಿಲ್ಲಬೇಕಲ್ಲ, ಅದರ ಸಂಭವ ಕ್ಷ². ಆದ್ದರಿಂದ ಕ್ಷ = 1/4 + ಕ್ಷ/4 + ಕ್ಷ²/2. ಹತ್ತನೆಯ ತರಗತಿಯವರು ಬಿಡಿಸಬಲ್ಲ ವರ್ಗಸಮೀಕರಣವಿದು. ಉತ್ತರ ಎರಡು: 1 ಮತ್ತು 1/2.

ಇಂಥ ಸಮೀಕರಣಕ್ಕೆ 1 ಯಾವಾಗಲೂ ಒಂದು ಉತ್ತರ. ವಾಟ್ಸನ್ ಅದನ್ನೇ ಹಿಡಿದು, ಎಲ್ಲ ಹೆಸರುಗಳೂ ಅಳಿದೇ ತೀರುತ್ತವೆ ಎಂದ. ತಪ್ಪಿದ್ದು ಅಲ್ಲಿಯೇ. ಕ್ಷ ಬದಲಿಗೆ ಸೊನ್ನೆ ಹಾಕಿ ನೋಡಿ: ಬಲಗಡೆ 1/4 ಬರುತ್ತದೆ, ಇದು ಮೊದಲ ತಲೆಮಾರಿಗೇ ಅಳಿಯುವ ಸಂಭವ. ಆ 1/4ನ್ನೇ ಮತ್ತೆ ಹಾಕಿದರೆ 11/32, ಇದು ಎರಡನೆಯ ತಲೆಮಾರಿನದು. ಹೀಗೆ ಏರುತ್ತ ಹೋಗಿ ಅದು 1/2ರ ಸಮೀಪಕ್ಕೆ ಬರುತ್ತದೆ, ದಾಟುವುದಿಲ್ಲ. ಅಂದರೆ ಅರ್ಧದಷ್ಟು ಹೆಸರುಗಳು ಉಳಿಯುತ್ತವೆ! ಸರಾಸರಿ ಗಂಡುಮಕ್ಕಳು ಒಂದು ಅಥವಾ ಅದಕ್ಕಿಂತ ಕಡಿಮೆಯಾದರೆ ಮಾತ್ರ ಅಳಿವು ಖಂಡಿತ.

ಫ್ರಾನ್ಸಿನ ಬೀನಮೇ 1845ರಲ್ಲೇ ಸರಿಯುತ್ತರ ಹೇಳಿದ್ದ, ಯಾರೂ ಗಮನಿಸಲಿಲ್ಲ. ಕೊನೆಗೆ 1927ರಲ್ಲಿ ಇದೇ ಲೆಕ್ಕವನ್ನು ವಂಶವಾಹಿಗಳಿಗೆ ಹೊಂದಿಸಿ ಚಿಕ್ಕ ಉತ್ತರವನ್ನು ಹಿಡಿದವರು ಜೆ.ಬಿ.ಎಸ್. ಹಾಲ್ಡೇನ್. ಮುಂದೆ ಭಾರತದಲ್ಲೇ ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು ಅವರೇ.

ಪ್ರಶ್ನೆ ಕೇಳಿದ ಗಾಲ್ಟನ್ 1853ರಲ್ಲಿ ಲೂಯಿಸಾ ಬಟ್ಲರ್ ಎಂಬಾಕೆಯನ್ನು ಮದುವೆಯಾಗಿದ್ದ. ಅವರಿಗೆ ಮಕ್ಕಳಾಗಲಿಲ್ಲ.